ಉದ್ದ ಜಿಗಿತ ಮತ್ತು ಅಂಜು ಬಾಬಿ ಜಾರ್ಜ್

ಮಕ್ಕಳೇ, ಈ ಹಾಳೆ ಓದುವ ಮೊದಲು ಒಮ್ಮೆ ಕೆಳಗೆ ನೋಡಿ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದಿದ್ದೇವೆ. ಒಂದು ಇಲ್ಲೇ, ನಿಮ್ಮ ಕಾಲ ಬುಡದಲ್ಲಿ. ಇನ್ನೊಂದು ಅಲ್ಲಿ, ಏಳನೇ ತರಗತಿಯ ಬಾಗಿಲು ದಾಟಿದ ಮೇಲೆ. ಎರಡರ ನಡುವಿನ ಅಂತರ 6 ಮೀಟರ್ 83 ಸೆಂಟಿಮೀಟರ್. ಮನೆಯಲ್ಲಿ ಅಜ್ಜನಿಗೆ ಹೇಳುವುದಾದರೆ 22 ಅಡಿ 5 ಇಂಚು ಅನ್ನಿ. ಟೇಪು ಹಿಡಿದು ಅಳೆದವರು ಎಂಟನೇ ತರಗತಿಯ ಹುಡುಗಿಯರು. ಅಳೆದು ಮುಗಿದ ಮೇಲೆ ಅವರಲ್ಲೊಬ್ಬಳು, "ಅಕ್ಕೋರೆ, ಇದು ಗಂಡಸ್ರು ಜಿಗಿದದ್ದಾ?" ಅಂತ ಕೇಳಿದಳು.

ಅಲ್ಲ. ಇದು ಹೆಂಗಸೊಬ್ಬಳು ಜಿಗಿದ ದೂರ. ಕೇರಳದಲ್ಲಿ ಹುಟ್ಟಿ, ನಮ್ಮ ಬೆಂಗಳೂರಿನಲ್ಲಿ ನೆಲೆ ನಿಂತ ಅಂಜು ಬಾಬಿ ಜಾರ್ಜ್ ಅವರು 2004ರ ಆಗಸ್ಟ್ 27ರಂದು ಗ್ರೀಸ್ ದೇಶದ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಇಷ್ಟು ದೂರ ಜಿಗಿದರು. ಅದಾಗಿ 20 ವರ್ಷ ಕಳೆದು 2024 ಬಂದರೂ ಭಾರತದ ಯಾವ ಹೆಂಗಸೂ ಅದನ್ನು ದಾಟಿರಲಿಲ್ಲ. ಈ ಪಾಠದಲ್ಲಿ ಅಂಜು ಅವರ ಕ್ರೀಡಾಜೀವನವನ್ನೂ, ಅದರ ಜೊತೆಗೆ ಉದ್ದ ಜಿಗಿತ ಎಂಬ ಆಟವನ್ನೂ ಸ್ವಲ್ಪ ತಿಳಿಯೋಣ. ಎರಡನ್ನೂ ಒಟ್ಟಿಗೆ ಹೇಳಲು ಕಾರಣವಿದೆ. ಈ ಆಟದಲ್ಲಿ ಎಷ್ಟು ಹಾರಿದೆ ಎಂಬುದರಷ್ಟೇ ಎಲ್ಲಿಂದ ಹಾರಿದೆ ಎಂಬುದೂ ಮುಖ್ಯ. ಅದು ತಿಳಿಯದೆ ಅಂಜು ಗೆದ್ದದ್ದೂ ಅರ್ಥವಾಗುವುದಿಲ್ಲ, ಸೋತದ್ದೂ ಅರ್ಥವಾಗುವುದಿಲ್ಲ.

ಮೊದಲು ಅಳತೆಯ ವಿಷಯ. ಓಡುವ ದಾರಿಯ ಕೊನೆಯಲ್ಲಿ, ಮರಳಿನ ಗುಂಡಿಗಿಂತ ಸ್ವಲ್ಪ ಹಿಂದೆ, ನೆಲದ ಮಟ್ಟಕ್ಕೇ ಹುಗಿದ ಒಂದು ಬಿಳಿ ಹಲಗೆ ಇರುತ್ತದೆ. ಅದರ ಅಗಲ 20 ಸೆಂಟಿಮೀಟರ್, ಅಂದರೆ ನಿಮ್ಮ ಗೇಣಿಗಿಂತ ತುಸು ಜಾಸ್ತಿ. ಓಡಿ ಬಂದವರು ಈ ಹಲಗೆಯ ಮೇಲೆ ಕಾಲಿಟ್ಟು ಚಿಮ್ಮಬೇಕು. ಗುಂಡಿಯ ಕಡೆಗಿನ ಅಂಚನ್ನು ಕಾಲಿನ ತುದಿ ದಾಟಿತೋ, ಫೌಲ್. ಎಷ್ಟೇ ದೂರ ಜಿಗಿದಿರಲಿ, ಲೆಕ್ಕಕ್ಕಿಲ್ಲ. ಅಂಜು ಆಡುತ್ತಿದ್ದ ಕಾಲದಲ್ಲಿ ಆ ಅಂಚಿಗೆ ಮೆತ್ತನೆಯ ಜೇಡಿಯಂಥ ವಸ್ತು ಮೆತ್ತುತ್ತಿದ್ದರು. ಬೂಟಿನ ತುದಿ ತಾಗಿದರೆ ಅದರಲ್ಲಿ ಗುರುತು ಬೀಳುತ್ತಿತ್ತು. ವಾದಕ್ಕೆ ಜಾಗ ಇಲ್ಲ.

ಸರಿ, ಹಲಗೆಗಿಂತ ಹಿಂದೆಯೇ ಚಿಮ್ಮಿದರೆ? ಫೌಲ್ ಅಲ್ಲ, ಆದರೆ ನಷ್ಟ. ಅಳತೆ ಶುರುವಾಗುವುದು ಕಾಲು ಇಟ್ಟ ಜಾಗದಿಂದ ಅಲ್ಲ, ಹಲಗೆಯ ಮುಂದಿನ ಅಂಚಿನಿಂದ. ನೀವು 10 ಸೆಂಟಿಮೀಟರ್ ಹಿಂದಿನಿಂದ ಹಾರಿ 4 ಮೀಟರ್ ದೂರ ಬಿದ್ದರೆ ಬರೆದುಕೊಳ್ಳುವುದು 3.90 ಮಾತ್ರ. ಇನ್ನು ಮರಳಿನ ಕಡೆ ನೋಡಿ. ಅಲ್ಲಿ ಮೈಯ ಯಾವ ಭಾಗ ಹಲಗೆಗೆ ಅತಿ ಹತ್ತಿರ ಗುರುತು ಮಾಡಿತೋ ಅಲ್ಲಿಗೇ ಅಳತೆ ನಿಲ್ಲುತ್ತದೆ. ಕಾಲು ಮುಂದೆ ಬಿದ್ದು ಕೈ ಹಿಂದಕ್ಕೆ ಊರಿದರೆ ಕೈಯ ಗುರುತಿನವರೆಗೆ ಮಾತ್ರ. ನಮ್ಮ ಹುಡುಗಿಯರಿಗೆ ಇನ್ನೊಂದು ಮಾತು: ಉದ್ದ ಜಡೆ ಹಿಂದೆ ಮರಳಿಗೆ ತಾಗಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಜಿಗಿಯುವ ದಿನ ಜಡೆ ಮೇಲೆ ಕಟ್ಟಿ ಬನ್ನಿ. ಅಬ್ಬಲಿಗೆ ದಂಡೆ ಮನೆಯಲ್ಲಿರಲಿ.

ಹೀಗೆ ಮುಂದೆ ಹೋದರೂ ಕಷ್ಟ, ಹಿಂದೆ ಉಳಿದರೂ ಕಷ್ಟ. ಗೇಣಗಲದ ಹಲಗೆಯ ಮೇಲೆ ಪೂರಾ ವೇಗದಲ್ಲಿ ಬಂದು ಸರಿಯಾಗಿ ಕಾಲಿಡುವುದೇ ಉದ್ದ ಜಿಗಿತದ ಅರ್ಧ ವಿದ್ಯೆ.

ಹೆಂಗಸರಿಗೆ ಈ ಆಟ ಒಲಿಂಪಿಕ್ಸ್‌ನಲ್ಲಿ ಬಂದದ್ದು ತಡವಾಗಿ. ಗಂಡಸರು 1896ರ ಮೊದಲ ಒಲಿಂಪಿಕ್ಸ್‌ನಿಂದಲೇ ಜಿಗಿಯುತ್ತಿದ್ದರು. ಹೆಂಗಸರಿಗೆ ಅವಕಾಶ ಸಿಕ್ಕಿದ್ದು 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ. ಅಂದರೆ 52 ವರ್ಷ ಕಾದ ಮೇಲೆ. ಹಂಗೇರಿ ದೇಶದ ಓಲ್ಗಾ ಗ್ಯಾರ್ಮತಿ ಎಂಬವರು 5.69 ಮೀಟರ್ ಜಿಗಿದು ಮೊದಲ ಚಿನ್ನ ಗೆದ್ದರು. ಆಮೇಲೆ ಬರಿ 40 ವರ್ಷದಲ್ಲಿ, 1988ರ ಜೂನ್ 11ರಂದು, ಸೋವಿಯತ್ ದೇಶದ ಗಲೀನಾ ಚಿಸ್ಟ್ಯಕೋವಾ ಲೆನಿನ್‌ಗ್ರಾಡ್‌ನಲ್ಲಿ 7.52 ಮೀಟರ್ ಜಿಗಿದು ವಿಶ್ವದಾಖಲೆ ಮಾಡಿದರು. ಬಾಗಿಲು ತೆರೆದ ಮೇಲೆ ಎಷ್ಟು ಬೇಗ ಎಷ್ಟು ದೂರ ಹೋದರು, ನೀವೇ ಕಳೆದು ನೋಡಿ.

ಈಗ ಅಂಜು ಅವರ ಕಥೆ. ಹುಟ್ಟಿದ್ದು 1977ರ ಏಪ್ರಿಲ್ 19ರಂದು, ಕೇರಳದ ಕೊಟ್ಟಾಯಂ ಜಿಲ್ಲೆಯ ಚಂಗನಾಶೇರಿ ಹತ್ತಿರದ ಚೀರಂಚಿರ ಎಂಬ ಊರಲ್ಲಿ. ತಂದೆ ಮಾರ್ಕೋಸ್ ಅವರದು ಮರದ ಪೀಠೋಪಕರಣದ ವ್ಯಾಪಾರ. ಅಂಜು ಓದಿದ್ದು ಕೋರುತ್ತೋಡಿನ ಶಾಲೆಯಲ್ಲಿ. ಆ ಶಾಲೆ ಪೇಟೆಯದ್ದಲ್ಲ, ಗುಡ್ಡಗಾಡಿನ ಹಳ್ಳಿಯದ್ದು. ಅಲ್ಲಿ ಕೆ. ಪಿ. ಥಾಮಸ್ ಎಂಬ ದೈಹಿಕ ಶಿಕ್ಷಕರಿದ್ದರು. ಅವರು ತಯಾರು ಮಾಡಿದ ಮಕ್ಕಳಿಂದ ಆ ಹಳ್ಳಿ ಶಾಲೆಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಒಂದು ಊರಿನಲ್ಲಿ ಒಬ್ಬ ಪಿ.ಟಿ. ಮಾಸ್ತರು ಮನಸ್ಸು ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಆಶ್ಚರ್ಯ ಏನಂದ್ರೆ ಅಂಜು ಮೊದಲು ಉದ್ದ ಜಿಗಿತ ಒಂದನ್ನೇ ಹಿಡಿದು ಕೂತವರಲ್ಲ. ಹೆಪ್ಟಾಥ್ಲಾನ್ ಅಂತ ಒಂದು ಸ್ಪರ್ಧೆ ಇದೆ. ಎರಡು ದಿನದಲ್ಲಿ ಏಳು ಆಟ: 100 ಮೀಟರ್ ಹರ್ಡಲ್ಸ್, ಎತ್ತರ ಜಿಗಿತ, ಗುಂಡು ಎಸೆತ, 200 ಮೀಟರ್ ಓಟ, ಉದ್ದ ಜಿಗಿತ, ಈಟಿ ಎಸೆತ, ಕೊನೆಗೆ 800 ಮೀಟರ್ ಓಟ. ಎಲ್ಲ ಸೇರಿಸಿ ಅಂಕ. ಅಂಜು ಶುರು ಮಾಡಿದ್ದು ಇದರಿಂದ. ಅದಕ್ಕೇ ಹೇಳುವುದು, ಸಣ್ಣ ಪ್ರಾಯದಲ್ಲಿ ಎಲ್ಲ ಆಟ ಆಡಬೇಕು. "ನಾನು ಖೋಖೋ ಮಾತ್ರ ಆಡುವವಳು" ಅಂತ ಆರನೇ ತರಗತಿಯಲ್ಲೇ ನಿರ್ಧಾರ ಮಾಡುವುದು ಬೇಡ. ಖೋಖೋ ಆಡಿದ ಕಾಲು ಜಿಗಿತಕ್ಕೂ ಬರುತ್ತದೆ.

1996ರಲ್ಲಿ ದೆಹಲಿಯ ಏಷ್ಯನ್ ಜೂನಿಯರ್ ಕೂಟದಲ್ಲಿ ಅಂಜು ಉದ್ದ ಜಿಗಿತದಲ್ಲಿ ಪದಕ ಗೆದ್ದರು. 1999ರಲ್ಲಿ ನೇಪಾಳದ ದಕ್ಷಿಣ ಏಷ್ಯಾ ಕ್ರೀಡಾಕೂಟದಲ್ಲಿ ಬೆಳ್ಳಿ. ಆ ಹೊತ್ತಿಗೆ ಅವರ ಜೀವನಕ್ಕೆ ಬೆಂಗಳೂರು ಬಂದಿತ್ತು. ಅಲ್ಲಿ ರಾಬರ್ಟ್ ಬಾಬಿ ಜಾರ್ಜ್ ಎಂಬ ತ್ರಿವಿಧ ಜಿಗಿತದ ಆಟಗಾರರ ಪರಿಚಯವಾಯಿತು. ನಮ್ಮ ಕಡೆ ವಾಲಿಬಾಲ್ ಹುಚ್ಚು ಇರುವವರಿಗೆ ಜಿಮ್ಮಿ ಜಾರ್ಜ್ ಹೆಸರು ಗೊತ್ತಿರಬೇಕು. 1987ರಲ್ಲಿ ಇಟಲಿಯಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಆ ದೊಡ್ಡ ಆಟಗಾರನ ತಮ್ಮ ಈ ಬಾಬಿ. ಇವರು ತಮ್ಮ ಸ್ವಂತ ಆಟ ಬಿಟ್ಟು ಅಂಜುವಿಗೆ ತರಬೇತಿ ಕೊಡಲು ನಿಂತರು. 2000ದಲ್ಲಿ ಇಬ್ಬರ ಮದುವೆ ಆಯಿತು. ಹೆಂಡತಿ ಆಡಲಿ ಅಂತ ಗಂಡ ತನ್ನ ಆಟ ಬಿಟ್ಟದ್ದು ನಮ್ಮ ದೇಶದಲ್ಲಿ ಎಷ್ಟು ಸಲ ಕೇಳಿದ್ದೀರಿ? ಮದುವೆಯಾದ ಮೇಲೆಯೇ ಅಂಜು ಅವರ ದೊಡ್ಡ ಜಿಗಿತಗಳೆಲ್ಲ ಬಂದವು ಎಂಬುದನ್ನೂ ಗಮನಿಸಿ.

2001ರಲ್ಲಿ ತಿರುವನಂತಪುರದಲ್ಲಿ 6.74 ಮೀಟರ್. 2002ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 6.49 ಜಿಗಿದು ಕಂಚು. ಅದೇ ವರ್ಷ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಏಷ್ಯನ್ ಕ್ರೀಡಾಕೂಟ. ಅಲ್ಲಿ 6.53 ಜಿಗಿದು ಚಿನ್ನ.

ಇಲ್ಲಿಂದ ಮುಂದೆ ಪ್ಯಾರಿಸ್. 2003ರ ವಿಶ್ವ ಅಥ್ಲೆಟಿಕ್ಸ್ ಕೂಟಕ್ಕೆ ಮೊದಲು ಅಂಜು ಅಮೆರಿಕಕ್ಕೆ ಹೋಗಿ ಮೈಕ್ ಪೊವೆಲ್ ಅವರ ಹತ್ತಿರ ಅಭ್ಯಾಸ ಮಾಡಿದರು. ಪೊವೆಲ್ ಯಾರು? 1991ರ ಆಗಸ್ಟ್ 30ರಂದು ಟೋಕಿಯೋದಲ್ಲಿ 8.95 ಮೀಟರ್ ಜಿಗಿದು ಗಂಡಸರ ವಿಶ್ವದಾಖಲೆ ಮಾಡಿದವರು. ಅದಕ್ಕೆ ಸರಿಯಾಗಿ 12 ವರ್ಷ ತುಂಬಿದ ದಿನ, 2003ರ ಆಗಸ್ಟ್ 30ರಂದು, ಅವರ ಶಿಷ್ಯೆ ಪ್ಯಾರಿಸ್ಸಿನ ಮರಳಿನಲ್ಲಿ 6.70 ಮೀಟರ್ ಜಿಗಿದು ಮೂರನೇ ಸ್ಥಾನ ಪಡೆದರು. ಕಂಚಿನ ಪದಕ. ವಿಶ್ವ ಅಥ್ಲೆಟಿಕ್ಸ್ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕ ಅದು. ಗಂಡಸರಲ್ಲಿ ಮೊದಲು, ಹೆಂಗಸರಲ್ಲಿ ಮೊದಲು ಅಂತ ಬೇರೆ ಬೇರೆ ಹೇಳುವ ಅಗತ್ಯ ಇಲ್ಲ. ಎಲ್ಲರಿಗಿಂತ ಮೊದಲು. ಎರಡನೇ ಪದಕಕ್ಕೆ ನಮ್ಮ ದೇಶ 19 ವರ್ಷ ಕಾಯಬೇಕಾಯಿತು. 2022ರಲ್ಲಿ ನೀರಜ್ ಚೋಪ್ರಾ ಈಟಿ ಎಸೆತದಲ್ಲಿ ಬೆಳ್ಳಿ ತಂದರು.

ಆ ದಿನದ ಅಂಕಿಗಳನ್ನು ಸ್ವಲ್ಪ ನೋಡಿ. ಫ್ರಾನ್ಸಿನ ಯೂನಿಸ್ ಬಾರ್ಬರ್ 6.99 ಜಿಗಿದು ಚಿನ್ನ. ರಶ್ಯದ ತತ್ಯಾನಾ ಕೊತೋವಾ 6.74 ಜಿಗಿದು ಬೆಳ್ಳಿ. ಅಂಜು 6.70. ಬೆಳ್ಳಿಗೂ ಕಂಚಿಗೂ ನಡುವೆ 4 ಸೆಂಟಿಮೀಟರ್, ಅಂದರೆ ಎರಡು ಬೆರಳಿನ ಅಗಲ. ತಮಾಷೆ ಎಂದರೆ ಎರಡು ವರ್ಷ ಮೊದಲೇ ಅಂಜು ತಿರುವನಂತಪುರದಲ್ಲಿ ಇದೇ 6.74 ಜಿಗಿದಿದ್ದರು! ಆದರೆ ಮನೆಯ ಅಂಗಳದಲ್ಲಿ ಜಿಗಿದದ್ದು ಬೇರೆ, ಆ ದಿನ ಆ ಹೊತ್ತಿಗೆ ಜಿಗಿಯುವುದು ಬೇರೆ. ಅಂತಿಮ ಸ್ಪರ್ಧೆಯಲ್ಲಿ ಎಲ್ಲರಿಗೂ ಮೊದಲು ಮೂರು ಅವಕಾಶ. ಅದರಲ್ಲಿ ಮುಂದೆ ಇರುವ ಎಂಟು ಮಂದಿಗೆ ಇನ್ನೂ ಮೂರು. ಆರು ಜಿಗಿತದಲ್ಲಿ ಒಂದು ಸರಿ ಬಿದ್ದರೆ ಸಾಕು, ಆದರೆ ಆ ಒಂದು ಬೀಳಲೇಬೇಕು. ನಮ್ಮ ಪಿ. ಟಿ. ಉಷಾ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೆಕೆಂಡಿನ ನೂರರಲ್ಲಿ ಒಂದು ಭಾಗದಿಂದ ಕಂಚು ಕಳೆದುಕೊಂಡದ್ದು ನಿಮ್ಮ ತಂದೆತಾಯಿಗಳಿಗೆ ನೆನಪಿರಬಹುದು. ಕೇಳಿ ನೋಡಿ.

2004ರಲ್ಲಿ ಅಥೆನ್ಸ್. ಜಗಲಿಯ ಮೇಲೆ ಎಳೆದದ್ದು ಆ ಜಿಗಿತವೇ. ಅಂಜು ತಮ್ಮ ಜೀವನದಲ್ಲೇ ಅತ್ಯಂತ ದೂರ ಜಿಗಿದದ್ದು ಅಂದು. ಆದರೂ ಪದಕ ಬರಲಿಲ್ಲ. ಮೊದಲ ಮೂರು ಸ್ಥಾನ ರಶ್ಯದ ಮೂವರದ್ದು: 7.07, 7.05, 7.05. ಎರಡನೆಯವರಿಗೂ ಮೂರನೆಯವರಿಗೂ ದೂರ ಒಂದೇ ಬಂದಾಗ ಅವರವರ ಎರಡನೇ ಒಳ್ಳೆಯ ಜಿಗಿತವನ್ನು ಹೋಲಿಸಿ ಸ್ಥಾನ ಕೊಡುತ್ತಾರೆ. ಅಂಜುವಿಗೆ ಆರನೇ ಸ್ಥಾನ. ಪ್ಯಾರಿಸ್ಸಿಗಿಂತ 13 ಸೆಂಟಿಮೀಟರ್ ಜಾಸ್ತಿ ಜಿಗಿದು, ಪ್ಯಾರಿಸ್ಸಿಗಿಂತ ಮೂರು ಸ್ಥಾನ ಹಿಂದೆ. ಇದನ್ನು ಸೋಲು ಎನ್ನಬೇಕೋ ಗೆಲುವು ಎನ್ನಬೇಕೋ ನೀವೇ ಹೇಳಿ. ನನ್ನ ಲೆಕ್ಕದಲ್ಲಿ ಅಥೆನ್ಸಿನ 6.83 ಪ್ಯಾರಿಸ್ಸಿನ ಕಂಚಿಗಿಂತ ದೊಡ್ಡದು. ಪದಕ ಬೇರೆಯವರು ಎಷ್ಟು ಜಿಗಿದರು ಎಂಬುದನ್ನೂ ನೋಡಿ ಬರುತ್ತದೆ. ದೂರ ಮಾತ್ರ ಪೂರಾ ನಮ್ಮದು.

ಆರನೇ ಸ್ಥಾನ ಆಮೇಲೆ ಐದನೆಯದಾಯಿತು. ಹೇಗೆ? ಅಥೆನ್ಸಿನಲ್ಲಿ ಐದನೆಯವರಾಗಿ ಬಂದವರು ಅಮೆರಿಕದ ಮೇರಿಯನ್ ಜೋನ್ಸ್, 6.85 ಮೀಟರ್. ಜಗತ್ತೆಲ್ಲ ಹೊಗಳಿದ ಓಟಗಾರ್ತಿ ಅವರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಐದು ಪದಕ ಗೆದ್ದವರು. 2007ರಲ್ಲಿ ಅವರು ತಾವು ಉದ್ದೀಪನ ಮದ್ದು ತೆಗೆದುಕೊಂಡದ್ದನ್ನು ಒಪ್ಪಿಕೊಂಡರು. ಪದಕಗಳು ಹೋದವು. 2000ದ ಸೆಪ್ಟೆಂಬರ್‌ನಿಂದ ಮುಂದಿನ ಫಲಿತಾಂಶಗಳೆಲ್ಲ ರದ್ದಾದವು. ಅಂಜು ಒಂದು ಸ್ಥಾನ ಮೇಲೆ ಬಂದರು.

ಉದ್ದೀಪನ ಮದ್ದು ಎಂದರೆ ಶಕ್ತಿ ಬರಲಿ ಅಂತ ಕದ್ದು ತೆಗೆದುಕೊಳ್ಳುವ ಔಷಧ. ಸ್ನಾಯು ಬೆಳೆಯುತ್ತದೆ, ಬೇಗ ಸುಸ್ತಾಗುವುದಿಲ್ಲ. ಆಮೇಲೆ ಮೈ ಹಾಳಾಗುತ್ತದೆ. ಅದನ್ನು ಹಿಡಿಯಲು ಆಟಗಾರರ ಮೂತ್ರ, ರಕ್ತದ ಮಾದರಿ ತೆಗೆದು ಪರೀಕ್ಷೆ ಮಾಡುತ್ತಾರೆ. ಸ್ವಲ್ಪ ಭಾಗವನ್ನು ತಣ್ಣಗೆ ಇಟ್ಟುಕೊಂಡು ವರ್ಷಗಳ ಮೇಲೆ, ಹೊಸ ವಿಧಾನ ಬಂದಾಗ, ಮತ್ತೆ ಪರೀಕ್ಷೆ ಮಾಡುವುದೂ ಇದೆ. 2005ರಲ್ಲಿ ತೆಗೆದಿಟ್ಟ ಕೊತೋವಾ ಅವರ ಮಾದರಿಯಲ್ಲಿ ಮದ್ದು ಇದ್ದದ್ದು ಹೀಗೆ 2013ರಲ್ಲಿ ಹೊರಬಂತು. ಅದರ ಪರಿಣಾಮ ಅಂಜು ಅವರಿಗೆ ನೇರ ತಟ್ಟಿತು. 2005ರ ಸೆಪ್ಟೆಂಬರ್‌ನಲ್ಲಿ ಮೊನಾಕೊದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್ ಫೈನಲ್ ಎಂಬ ಕೂಟದಲ್ಲಿ ಕೊತೋವಾ ಮೊದಲನೆಯವರು, ಅಂಜು 6.75 ಜಿಗಿದು ಎರಡನೆಯವರು. ಕೊತೋವಾ ಅವರ ಫಲಿತಾಂಶ ರದ್ದಾಗಿ 2014ರಲ್ಲಿ ಆ ಚಿನ್ನ ಅಂಜು ಅವರ ಹೆಸರಿಗೆ ಬಂತು.

ಒಂಬತ್ತು ವರ್ಷ ತಡವಾಗಿ! ಆಗ ಅಂಜು ಆಟ ಬಿಟ್ಟಾಗಿತ್ತು. ಮೊದಲ ಸ್ಥಾನದ ಮೆಟ್ಟಿಲ ಮೇಲೆ ನಿಂತು ಚಪ್ಪಾಳೆ ಕೇಳುವ ಆ ಒಂದು ಸಂಜೆಯನ್ನು ಯಾರು ತಿರುಗಿ ಕೊಡುತ್ತಾರೆ? ಪುಸ್ತಕದಲ್ಲಿ ಹೆಸರು ತಿದ್ದಬಹುದು, ಸಂಜೆ ತಿದ್ದಲು ಬರುವುದಿಲ್ಲ. ಆದರೂ ತಿದ್ದಿದರಲ್ಲ, ಅದಾದರೂ ಆಯಿತು ಎನ್ನಬೇಕು. ಹಾಗಾದರೆ ಅಥೆನ್ಸಿನ ಆ ಮೂವರೂ ಮೋಸ ಮಾಡಿದ್ದಾ ಅಂತ ನೀವು ಕೇಳಬಹುದು. ಅಥೆನ್ಸಿನ ಪದಕ ಅವರ ಹೆಸರಿನಲ್ಲೇ ಉಳಿದಿದೆ. ಪರೀಕ್ಷೆಯಲ್ಲಿ ಸಿಕ್ಕಿದ್ದನ್ನು ಮಾತ್ರ ಸಿಕ್ಕಿದೆ ಅನ್ನಬೇಕು. ಉಳಿದದ್ದನ್ನು ಊಹೆ ಮಾಡಿ ಈ ಪತ್ರಿಕೆಯಲ್ಲಿ ಬರೆಯುವುದು ಸರಿಯಲ್ಲ.

2005ರಲ್ಲಿ ಇಂಚಿಯಾನ್‌ನ ಏಷ್ಯನ್ ಅಥ್ಲೆಟಿಕ್ಸ್ ಕೂಟದಲ್ಲಿ ಚಿನ್ನ, 2006ರಲ್ಲಿ ದೋಹಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ, 2007ರಲ್ಲಿ ಅಮ್ಮಾನ್‌ನಲ್ಲಿ ಇನ್ನೊಂದು ಬೆಳ್ಳಿ. ಸರಕಾರದಿಂದ ಅರ್ಜುನ ಪ್ರಶಸ್ತಿ, ಖೇಲ್ ರತ್ನ, ಪದ್ಮಶ್ರೀ ಎಲ್ಲ ಬಂದವು. ಇವನ್ನು ಸಾಮಾನ್ಯಜ್ಞಾನದ ಪುಸ್ತಕದಲ್ಲಿ ಓದಿಕೊಳ್ಳಿ. ನಾನು ಹೇಳಬೇಕಾದದ್ದು 2008ರ ಬೀಜಿಂಗ್ ಒಲಿಂಪಿಕ್ಸ್.

ಬೀಜಿಂಗ್‌ನಲ್ಲಿ ಅರ್ಹತಾ ಸುತ್ತು. ಈ ಸುತ್ತಿನಲ್ಲಿ ಮೂರೇ ಅವಕಾಶ. ಅಂಜು ಮೊದಲ ಜಿಗಿತ ಫೌಲ್. ಎರಡನೆಯದು ಫೌಲ್. ಮೂರನೆಯದೂ ಫೌಲ್. ಅವರ ಹೆಸರಿನ ಮುಂದೆ ಒಂದೇ ಒಂದು ಅಂಕಿ ಬೀಳಲಿಲ್ಲ. ನಾಲ್ಕು ವರ್ಷ ಮೊದಲು 6.83 ಜಿಗಿದವರ ಹೆಸರಿನ ಮುಂದೆ ಬರಿ ಗೆರೆ. ಮೇಲೆ ಗೇಣಗಲದ ಹಲಗೆ ಎಂದೆನಲ್ಲ, ಅದು ಇಷ್ಟು ನಿಷ್ಠುರ. ವಿಶ್ವ ಪದಕ ಗೆದ್ದವರು ಅಂತ ಅದು ಒಂದು ಬೆರಳಿನಷ್ಟೂ ಜಾಗ ಬಿಡುವುದಿಲ್ಲ.

ಹಲಗೆಯ ಮೇಲೆ ಸರಿಯಾಗಿ ಕಾಲಿಡುವುದನ್ನು ಹೇಗೆ ಕಲಿಯುವುದು? ಇದನ್ನು ಗಮನ ಕೊಟ್ಟು ಓದಿ, ಏಕೆಂದರೆ ನಮ್ಮ ಹುಡುಗರೂ ಹುಡುಗಿಯರೂ ವಲಯ ಮಟ್ಟದಲ್ಲಿ ಸೋಲುವುದು ಹೆಚ್ಚಾಗಿ ಇಲ್ಲೇ. ನಮ್ಮವರು ಏನು ಮಾಡ್ತಾರೆ? ಎಲ್ಲಿಂದಲೋ ಓಡಿ ಬರುತ್ತಾರೆ, ಹಲಗೆ ಹತ್ತಿರ ಬಂದ ಮೇಲೆ ತಲೆ ತಗ್ಗಿಸಿ ನೋಡುತ್ತಾರೆ, ಹೆಜ್ಜೆ ಸಣ್ಣ ಸಣ್ಣ ಮಾಡಿ ಹೊಂದಿಸುತ್ತಾರೆ. ಅಲ್ಲಿಗೆ ವೇಗ ಸತ್ತುಹೋಯಿತು. ಓಡುವ ದೂರ ಮೊದಲೇ ಗೊತ್ತಿರಬೇಕು. ಅದಕ್ಕೆ ಉಲ್ಟಾ ಲೆಕ್ಕ ಮಾಡಬೇಕು. ಹಲಗೆಯ ಮೇಲೆ ನಿಂತು, ಗುಂಡಿಗೆ ಬೆನ್ನು ಹಾಕಿ, ಜಿಗಿಯುವಾಗ ಓಡುವಷ್ಟೇ ಜೋರಾಗಿ ಓಡಿ. ನಿಮ್ಮ ಗೆಳತಿ ಪಕ್ಕದಲ್ಲಿ ನಿಂತು ಹೆಜ್ಜೆ ಎಣಿಸಲಿ. ಹೈಸ್ಕೂಲು ಹುಡುಗಿಗೆ 11ರಿಂದ 13 ಹೆಜ್ಜೆ ಸಾಕು. ಆ ಹೆಜ್ಜೆ ಬಿದ್ದಲ್ಲಿ ಒಂದು ಕಲ್ಲಿಡಿ. ಐದಾರು ಸಲ ಓಡಿದರೆ ಕಲ್ಲುಗಳೆಲ್ಲ ಒಂದೇ ಕಡೆ ಗುಂಪಾಗುತ್ತವೆ. ಗುಂಪಿನ ನಡುವೆ ನಿಮ್ಮ ಜಾಗ. ಅಲ್ಲಿಂದ, ಯಾವಾಗಲೂ ಅದೇ ಕಾಲಿನಿಂದ ಶುರು ಮಾಡಿ, ಹಲಗೆಯ ಕಡೆ ಓಡಿ ನೋಡಿ. ಫೌಲ್ ಆದರೆ ಎಷ್ಟು ಮುಂದೆ ಬಂತೋ ಅಷ್ಟೇ ಹಿಂದಿನಿಂದ ಶುರು ಮಾಡಿ. ಹಲಗೆ ಸಿಗದಿದ್ದರೆ ಅಷ್ಟೇ ಮುಂದಿನಿಂದ. ಆಮೇಲೆ ಆ ದೂರವನ್ನು ನಿಮ್ಮ ಪಾದದಲ್ಲಿ ಅಳೆದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಕುಮಟೆಯ ಮೈದಾನಕ್ಕೆ ಹೋದರೂ ಅದೇ ಪಾದ ತಾನೆ.

ದೊಡ್ಡ ಕೂಟಗಳಲ್ಲಿ ಓಡುವ ದಾರಿ ಕಡಿಮೆಯೆಂದರೂ 40 ಮೀಟರ್ ಇರಬೇಕು. ಅಂಜು ಅವರಂಥವರು ಹಲಗೆಯ ಮೇಲೆ ಕಾಲಿಡುವ ಸಮಯ ಸೆಕೆಂಡಿನ ಎಂಟರಲ್ಲಿ ಒಂದು ಭಾಗದಷ್ಟು. ಕಣ್ಣು ರೆಪ್ಪೆ ಬಡಿದಷ್ಟು ಹೊತ್ತೂ ಇಲ್ಲ. ಅಷ್ಟರಲ್ಲಿ ಮೈಯ ತೂಕದ ಎಷ್ಟೋ ಪಟ್ಟು ಭಾರ ಆ ಒಂದು ಕಾಲಿನ ಮೇಲೆ ಬೀಳುತ್ತದೆ. ಗಾಳಿಯಲ್ಲಿ ಇರುವುದು ಮುಕ್ಕಾಲು ಸೆಕೆಂಡಿನಷ್ಟು. ವಿಜ್ಞಾನ ಪಾಠದಲ್ಲಿ ಕಲ್ಲನ್ನು 45 ಡಿಗ್ರಿ ಕೋನದಲ್ಲಿ ಎಸೆದರೆ ಅತಿ ದೂರ ಹೋಗುತ್ತದೆ ಅಂತ ಕಲಿಯುತ್ತೀರಿ. ಜಿಗಿತದಲ್ಲಿ ಹಾಗಲ್ಲ. 45 ಡಿಗ್ರಿ ಏರಬೇಕೆಂದರೆ ಓಟವನ್ನೇ ನಿಲ್ಲಿಸಬೇಕಾಗುತ್ತದೆ. ಓಟದ ವೇಗ ಉಳಿಸಿಕೊಂಡು ಏರಲು ಸಾಧ್ಯವಾಗುವುದು 20 ಡಿಗ್ರಿಯ ಆಸುಪಾಸು ಮಾತ್ರ. ಹಾಗಾಗಿ ಉದ್ದ ಜಿಗಿತದಲ್ಲಿ ಗೆಲ್ಲುವವರು ಹೆಚ್ಚಾಗಿ ಚೆನ್ನಾಗಿ ಓಡುವವರೇ.

ಗಾಳಿಯ ಮಾತೂ ಇದೆ. ಬೆನ್ನ ಹಿಂದಿನಿಂದ ಬೀಸುವ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜೋರಿದ್ದರೆ ಆ ಜಿಗಿತವನ್ನು ದಾಖಲೆ ಅಂತ ಒಪ್ಪುವುದಿಲ್ಲ. ನಮ್ಮಲ್ಲಿ ಮಧ್ಯಾಹ್ನದ ಮೇಲೆ ಕಡಲ ಕಡೆಯಿಂದ ಗಾಳಿ ಏಳುತ್ತದೆ. ಪಡುವಣಕ್ಕೆ ಬೆನ್ನು ಹಾಕಿ ಓಡಿದರೆ ಒಂದೆರಡು ಬೆರಳು ಜಾಸ್ತಿ ಜಿಗಿದ ಖುಷಿ ಸಿಗುತ್ತದೆ. ಖುಷಿ ಪಡಿ, ಆದರೆ ಪುಸ್ತಕದಲ್ಲಿ ಬರೆಯುವುದು ಬೆಳಗಿನ ಅಳತೆ ಇರಲಿ. ಮತ್ತೆ ಗುಂಡಿಯ ಮರಳನ್ನು ದಿನಾ ಗುದ್ದಲಿಯಿಂದ ಅಗೆದು ಸಡಿಲ ಮಾಡಬೇಕು, ಚಿಪ್ಪು, ಗಾಜಿನ ಚೂರು ಹೆಕ್ಕಬೇಕು. ಗಟ್ಟಿಯಾದ ಮರಳಿನ ಮೇಲೆ ಬಿದ್ದರೆ ಸೊಂಟಕ್ಕೆ ಪೆಟ್ಟು.

2020ರ ಡಿಸೆಂಬರ್‌ನಲ್ಲಿ ಅಂಜು ಒಂದು ಸಂಗತಿಯನ್ನು ಬಹಿರಂಗವಾಗಿ ಹೇಳಿದರು. ಅವರಿಗೆ ಇರುವುದು ಒಂದೇ ಮೂತ್ರಪಿಂಡವಂತೆ. ನೋವಿನ ಮಾತ್ರೆ ಕೂಡ ಮೈಗೆ ಒಗ್ಗುತ್ತಿರಲಿಲ್ಲವಂತೆ. ಚಿಮ್ಮುವ ಕಾಲಿಗೂ ತೊಂದರೆ ಇತ್ತಂತೆ. ಇಷ್ಟೆಲ್ಲ ಇದ್ದೂ ಜಗತ್ತಿನ ಮೂರನೆಯವರಾದರು. ಇದನ್ನು ಓದಿ ಯಾರೂ ನೋವು ಮುಚ್ಚಿಟ್ಟುಕೊಂಡು ಓಡಬೇಡಿ, ಮತ್ತೆ! ಅಂಜು ಅವರ ಜೊತೆ ವೈದ್ಯರಿದ್ದರು, ತರಬೇತುದಾರರಿದ್ದರು. ಮಂಡಿ ನೋವಾದರೆ ಆಯಿಗೆ ಹೇಳಿ, ಪಿ.ಟಿ. ಮಾಸ್ತರಿಗೆ ಹೇಳಿ.

ಹೆಪ್ಟಾಥ್ಲಾನ್ ಹೆಸರು ಬಂದದ್ದಕ್ಕೆ ನಮ್ಮ ಕರ್ನಾಟಕದವರೇ ಆದ ಇನ್ನೊಬ್ಬರನ್ನು ನೆನಪು ಮಾಡಲೇಬೇಕು. ಕೊಡಗಿನ ಜಿ. ಜಿ. ಪ್ರಮೀಳಾ, ಮದುವೆಯ ನಂತರ ಪ್ರಮೀಳಾ ಅಯ್ಯಪ್ಪ. ಇವರೂ ಉದ್ದ ಜಿಗಿತದವರು. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲೂ 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲೂ ಹೆಪ್ಟಾಥ್ಲಾನ್ ಆಡಿದರು. ಎರಡರ ನಡುವೆ ಎಂಟು ವರ್ಷ! 2010ರಲ್ಲಿ ಚೀನಾದ ಗ್ವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದಾಗ ಅವರಿಗೆ 33 ವರ್ಷ. ಅಂಜು ಪ್ಯಾರಿಸ್ಸಿನಲ್ಲಿ ಗೆದ್ದದ್ದು 26ರಲ್ಲಿ, ಅಥೆನ್ಸಿನಲ್ಲಿ ಜಿಗಿದದ್ದು 27ರಲ್ಲಿ.

ಈ ವಯಸ್ಸುಗಳನ್ನು ಬೇಕೆಂದೇ ಬರೆದೆ. ಐದು, ಆರನೇ ತರಗತಿಯಲ್ಲಿ ಮರಳಿನ ಗುಂಡಿಯ ಸುತ್ತ ಹುಡುಗಿಯರದ್ದೇ ಗಲಾಟೆ. ಎಂಟನೇ ತರಗತಿಗೆ ಬರುವ ಹೊತ್ತಿಗೆ ಸಾಲು ಅರ್ಧ ಆಗುತ್ತದೆ. ಹತ್ತನೇ ತರಗತಿಯಲ್ಲಿ ಇಬ್ಬರೋ ಮೂವರೋ. "ದೊಡ್ಡವಳಾದಳು, ಇನ್ನೆಂಥ ಜಿಗಿಯೂದು" ಅಂತ ಮನೆಯಲ್ಲಿ ಹೇಳ್ತಾರೆ. ಆಯಿ ಮೀನು ಪೇಟೆಗೆ ಹೋದರೆ ತಮ್ಮನನ್ನು ನೋಡಿಕೊಳ್ಳಲು ಜನ ಬೇಕು. ತಿಂಗಳ ದಿನಗಳಲ್ಲಿ ನಾಚಿಕೆ. ಹುಡುಗರು ನೋಡಿ ನಗುತ್ತಾರೆ. ಇವೆಲ್ಲ ಸಣ್ಣ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ 13ನೇ ವರ್ಷಕ್ಕೆ ಬಿಟ್ಟವಳಿಗೆ ತಾನು ಎಷ್ಟು ಜಿಗಿಯಬಹುದಿತ್ತು ಎಂಬುದು ಯಾವತ್ತೂ ಗೊತ್ತಾಗುವುದಿಲ್ಲ. ಮನೆಯವರಿಗೆ ಈ ಹಾಳೆ ತೋರಿಸಿ. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ನೋಡಲಿ. ತಮ್ಮನನ್ನೂ ಕರೆದುಕೊಂಡು ಬನ್ನಿ, ಅವನು ಮರಳಲ್ಲಿ ಆಡಿಕೊಂಡಿರಲಿ. ಹುಡುಗರೇ, ನಗುವ ಬದಲು ಟೇಪು ಹಿಡಿಯಿರಿ.

ಆಟ ಬಿಟ್ಟ ಮೇಲೆ ಅಂಜು ಮತ್ತು ಬಾಬಿ ಬೆಂಗಳೂರಿನಲ್ಲಿ ಹುಡುಗಿಯರಿಗೆ ತರಬೇತಿ ಕೊಡುವ ಸಂಸ್ಥೆ ತೆರೆದರು. ಅದಕ್ಕಾಗಿಯೇ 2021ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಅವರಿಗೆ ವರ್ಷದ ಮಹಿಳೆ ಎಂಬ ಗೌರವ ಕೊಟ್ಟಿತು. ಅಲ್ಲಿಗೆ ಉತ್ತರಪ್ರದೇಶದ ಝಾನ್ಸಿಯಿಂದ ಶೈಲಿ ಸಿಂಗ್ ಎಂಬ ಹುಡುಗಿ ಬಂದಳು. ತಾಯಿ ಹೊಲಿಗೆ ಕೆಲಸ ಮಾಡಿ ಮಕ್ಕಳನ್ನು ಸಾಕಿದವರು. 2021ರ ಆಗಸ್ಟ್‌ನಲ್ಲಿ ಕೆನ್ಯಾದ ನೈರೋಬಿಯಲ್ಲಿ 20 ವರ್ಷದೊಳಗಿನವರ ವಿಶ್ವ ಕೂಟ. ಶೈಲಿ 6.59 ಜಿಗಿದಳು. ಸ್ವೀಡನ್ ದೇಶದ ಮಾಯಾ ಓಸ್ಕಾಗ್ 6.60 ಜಿಗಿದಳು. ಚಿನ್ನಕ್ಕೂ ಬೆಳ್ಳಿಗೂ ನಡುವೆ ಒಂದು ಸೆಂಟಿಮೀಟರ್. ನಿಮ್ಮ ಕಿರುಬೆರಳಿನ ಉಗುರು ನೋಡಿಕೊಳ್ಳಿ, ಸುಮಾರು ಅಷ್ಟೇ. 2023ರ ಏಪ್ರಿಲ್‌ನಲ್ಲಿ ಅದೇ ಶೈಲಿ ಬೆಂಗಳೂರಿನಲ್ಲಿ 6.76 ಜಿಗಿದಳು. ಗುರುವಿನ ಗೆರೆಗೆ ಇನ್ನು 7 ಸೆಂಟಿಮೀಟರ್.

ಈಗ ನಿಮಗೆ ಕೆಲಸ. ಒಂದು ಹುಡುಗಿ ಹಲಗೆಯ ಅಂಚಿಗಿಂತ 18 ಸೆಂಟಿಮೀಟರ್ ಹಿಂದಿನಿಂದ ಚಿಮ್ಮಿ, ಚಿಮ್ಮಿದ ಜಾಗದಿಂದ 4.12 ಮೀಟರ್ ದೂರದಲ್ಲಿ ಕಾಲೂರಿದಳು. ಬೀಳುವಾಗ ಅವಳ ಕೈ ಕಾಲಿಗಿಂತ 25 ಸೆಂಟಿಮೀಟರ್ ಹಿಂದೆ ಮರಳಿಗೆ ತಾಗಿತು. ತೀರ್ಪುಗಾರರು ಎಷ್ಟು ಬರೆದುಕೊಳ್ಳಬೇಕು? ಗಾಳಿ ಹಿಂದಿನಿಂದ ಸೆಕೆಂಡಿಗೆ 3 ಮೀಟರ್ ಬೀಸುತ್ತಿದ್ದರೆ ಅದು ಶಾಲೆಯ ದಾಖಲೆ ಆಗಬಹುದೇ? ಉತ್ತರವನ್ನು ಹೆಸರು, ತರಗತಿ ಬರೆದು ಜಗಲಿಯ ಪೆಟ್ಟಿಗೆಯಲ್ಲಿ ಹಾಕಿ. ಟೇಪು ಕಚೇರಿ ಕೋಣೆಯ ಕಪಾಟಿನಲ್ಲಿ ಇದೆ, ಕೇಳಿ ತೆಗೆದುಕೊಂಡು ಹೋಗಿ, ಸಂಜೆ ಮರಳು ಒರೆಸಿ ಅಲ್ಲೇ ಇಡಿ.